ಇಲಿಯ ಜೀನ್ ಬದಲಿಸಿದರೆ ಮನುಷ್ಯರ ಬೈಪೋಲಾರ್ ಬಗ್ಗೆ ಏನು ಗೊತ್ತಾಗುತ್ತದೆ?

ಪ್ರಶ್ನೆ:
ನನ್ನ ತಂಗಿಗೆ ಬೈಪೋಲಾರ್ ಇದೆ, ಅಂದರೆ ಕೆಲವೊಮ್ಮೆ ಅತಿ ಉತ್ಸಾಹ, ಕೆಲವೊಮ್ಮೆ ಖಿನ್ನತೆ ಬರುವ ಕಾಯಿಲೆ. ಅದಕ್ಕೆ ಲಿಥಿಯಂ ಅನ್ನುವ ಔಷಧ ತೆಗೆದುಕೊಳ್ಳುತ್ತಿದ್ದಾಳೆ. ಈ ಕಾಯಿಲೆ ಬಗ್ಗೆ ಏನು ಓದಲು ಹೋದರೂ ಮಾತು ಇಲಿಗಳಿಗೇ ಬಂದು ನಿಲ್ಲುತ್ತದೆ. ಇಲಿಗೆ ಬೇಜಾರಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಅದೇನು ಬಾಯಿಬಿಟ್ಟು ಹೇಳುವುದಿಲ್ಲ ಅಲ್ವಾ? ಇದನ್ನು ಎಷ್ಟು ನಂಬಬಹುದು?

ಉತ್ತರ 1:
ಬೇಜಾರು ಗೊತ್ತಾಗುವುದಿಲ್ಲ, ವರ್ತನೆ ಮಾತ್ರ ಕಾಣುತ್ತದೆ. ಪಂಜರದಲ್ಲಿ ಎರಡು ಬಾಟಲಿ ಇಡುತ್ತಾರೆ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು. ಚೆನ್ನಾಗಿರುವ ಇಲಿ ಸಿಹಿಯನ್ನೇ ಜಾಸ್ತಿ ಕುಡಿಯುತ್ತದೆ. ಆ ಆಸೆ ಕಡಿಮೆಯಾದರೆ ಅದನ್ನು ಖಿನ್ನತೆಯ ಒಂದು ಲಕ್ಷಣಕ್ಕೆ ಹೋಲಿಸುತ್ತಾರೆ, ಅಷ್ಟೇ.

ನಿಮ್ಮ ತಂಗಿಯ ವಿಷಯಕ್ಕೆ ಹತ್ತಿರದ್ದು ಕ್ಲಾಕ್ ಇಲಿಗಳು. ಕ್ಲಾಕ್ ಅಂದರೆ ದೇಹಕ್ಕೆ ಹಗಲು ರಾತ್ರಿಯ ಲೆಕ್ಕ ಇಡುವ ಜೀನ್. ಅದರಲ್ಲಿ ದೋಷವಿರುವ ಇಲಿಗಳು ಕಡಿಮೆ ಮಲಗುತ್ತವೆ, ಒಂದೇ ಸಮ ಓಡಾಡುತ್ತವೆ, ಬೇರೆ ಇಲಿಗಳು ಹೆದರುವ ಬಯಲು ಜಾಗಕ್ಕೂ ನುಗ್ಗುತ್ತವೆ. ಇದನ್ನು ಬೈಪೋಲಾರ್‌ನ ಅತಿ ಉತ್ಸಾಹದ ಹಂತಕ್ಕೆ ಹೋಲಿಸುತ್ತಾರೆ. 2007ರಲ್ಲಿ ಬಂದ ಅಧ್ಯಯನದಲ್ಲಿ ಇವಕ್ಕೆ ಲಿಥಿಯಂ ಕೊಟ್ಟಾಗ ಇಂಥ ಹಲವು ವರ್ತನೆಗಳು ಮಾಮೂಲಿಗೆ ಬಂದವು. ಇನ್ನೂ ಮುಖ್ಯವಾದದ್ದು, ಮಿದುಳಿನಲ್ಲಿ ಡೋಪಮೈನ್ ಅನ್ನುವ, ಸಂದೇಶ ಒಯ್ಯುವ ರಾಸಾಯನಿಕ ತಯಾರಾಗುವ ಒಂದು ಸಣ್ಣ ಭಾಗಕ್ಕೆ ಮಾತ್ರ ವೈರಸ್ ಮೂಲಕ ಸರಿಯಾದ ಜೀನ್ ಕಳಿಸಿದಾಗಲೂ ಕೆಲವು ವರ್ತನೆಗಳು ಸರಿಹೋದವು. ಮನುಷ್ಯರ ಮೇಲೆ ಇಂಥ ಪರೀಕ್ಷೆ ಮಾಡಲು ಆಗುತ್ತದಾ?

ಉತ್ತರ 2:
ಕ್ಲಾಕ್ ಇಲಿ ಸರಿ. ಆದರೆ ಈಜು ಪರೀಕ್ಷೆ ನೋಡಿ ಬರೆದ ಸುದ್ದಿಗಳನ್ನು ಸುಮ್ನೆ ನಂಬಬೇಡಿ. ನೀರು ತುಂಬಿದ ಪಾತ್ರೆಗೆ ಇಲಿಯನ್ನು ಬಿಟ್ಟು, ಅದು ಎಷ್ಟು ಹೊತ್ತು ಕೈಕಾಲು ಆಡಿಸದೆ ತೇಲುತ್ತದೆ ಅಂತ ಅಳೆಯುತ್ತಾರೆ. 1977ರಿಂದ ಇದನ್ನು ಹತಾಶೆಯ ಅಳತೆ ಅಂತ ಬಳಸುತ್ತಾ ಬಂದಿದ್ದಾರೆ, ಆದರೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಅಂತ ತಿಳಿದ ಪ್ರಾಣಿ ಶಕ್ತಿ ಉಳಿಸಿಕೊಳ್ಳಲು ಸುಮ್ಮನೆ ತೇಲುತ್ತಿರಲೂಬಹುದು. ಖಿನ್ನತೆಯ ಮಾತ್ರೆ ಒಂದೇ ಡೋಸ್ ಕೊಟ್ಟರೂ ಇಲ್ಲಿ ಫಲ ಕಾಣುತ್ತದೆ, ಅದೇ ಮಾತ್ರೆ ಜನರಲ್ಲಿ ಕೆಲಸ ಮಾಡಲು ವಾರಗಟ್ಟಲೆ ಬೇಕು. ಈ ವ್ಯತ್ಯಾಸ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಉತ್ತರ 3:
ಒಪ್ಪುತ್ತೇನೆ, ಅದಕ್ಕೇ ನನಗೆ 2003ರ ಪ್ರಯೋಗ ಇಷ್ಟ. ಸೆರೊಟೋನಿನ್ ಅನ್ನುವ ಮಿದುಳಿನ ರಾಸಾಯನಿಕವನ್ನು ಹಿಡಿಯುವ 1ಎ ಅನ್ನುವ ರಿಸೆಪ್ಟರ್‌ನ (ಜೀವಕೋಶದ ಮೇಲಿನ ಗ್ರಾಹಕದ) ಜೀನ್ ತೆಗೆದ ಇಲಿಗಳಿಗೂ ಮಾಮೂಲಿ ಇಲಿಗಳಿಗೂ ಕೆಲವು ವಾರ ಫ್ಲೂಕ್ಸೆಟಿನ್ ಅನ್ನುವ ಖಿನ್ನತೆಯ ಮಾತ್ರೆ ಕೊಟ್ಟರು. ಆಮೇಲೆ ಹಸಿದ ಇಲಿಗಳನ್ನು ಬೆಳಕಿರುವ ಹೊಸ ಜಾಗಕ್ಕೆ ಬಿಟ್ಟು ನಡುವೆ ಆಹಾರ ಇಟ್ಟರು. ಮಾಮೂಲಿ ಇಲಿಗಳ ಹಿಂಜರಿಕೆ ಕಡಿಮೆಯಾಗಿತ್ತು, ಬೇಗ ಹೋಗಿ ತಿಂದವು. ಜೀನ್ ಇಲ್ಲದವುಗಳಲ್ಲಿ ಮಾತ್ರೆಯ ಫಲ ಕಾಣಲೇ ಇಲ್ಲ. ಇಲಿಗೆ ಖಿನ್ನತೆ ಇದೆಯಾ ಅನ್ನುವ ಪ್ರಶ್ನೆಯೇ ಇಲ್ಲಿ ಬೇಕಾಗಲಿಲ್ಲ ನೋಡಿ. ಔಷಧ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಕೇಳಿದರು, ಅದಕ್ಕೆ ಉತ್ತರ ಸಿಕ್ಕಿತು.

ಪ್ರಶ್ನೆ ಕೇಳಿದವರು:
ಹಾಗಾದರೆ ತಂಗಿಯಲ್ಲೂ ಒಂದು ಜೀನ್ ಕೆಟ್ಟಿರಬೇಕಾ?

ಉತ್ತರ 1:
ಹಾಗಲ್ಲ. ಜನರಲ್ಲಿ ನೂರಾರು ಜೀನ್‌ಗಳು ಸ್ವಲ್ಪ ಸ್ವಲ್ಪ ಸೇರಿ ಅಪಾಯ ಹೆಚ್ಚಿಸುತ್ತವೆ, ಜೊತೆಗೆ ಬದುಕಿನ ಒತ್ತಡವೂ ಇರುತ್ತದೆ. ಒಂದು ಜೀನ್ ಬದಲಿಸಿದ ಇಲಿಯಲ್ಲಿ ಅದೆಲ್ಲ ಬರುವುದಿಲ್ಲ. ನಿಮ್ಮ ತಂಗಿಯ ಲಿಥಿಯಂ ಪ್ರಮಾಣ ನಿರ್ಧಾರ ಆಗುವುದು ರಕ್ತಪರೀಕ್ಷೆ ನೋಡಿ, ಅದನ್ನು ತಪ್ಪಿಸದಂತೆ ನೋಡಿಕೊಳ್ಳಿ.