ಸ್ನ್ಯಾಪ್‌ಶಾಟ್ ಎಷ್ಟು ದಿನ ಇಟ್ಟುಕೊಳ್ಳಬೇಕು? ಅನುಭವ ಇದ್ದವರು ಹೇಳಿ

ಕೊಪ್ಪಳ ಸಿಸ್ಟಂ: ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. 12 ಟಿಬಿ ಬಾಕ್ಸ್, ಫೈಲ್ ಸಿಸ್ಟಂ ಜೆಡ್‌ಎಫ್‌ಎಸ್. ಡ್ರಾಯಿಂಗ್, ಟ್ಯಾಲಿ, ವೇಬ್ರಿಡ್ಜ್ ಫೈಲು ಎಲ್ಲ ಅದರಲ್ಲೇ. ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಫೈಲುಗಳನ್ನು ಹಾಗೇ ಹಿಡಿದಿಡೋದು) ತೆಗೆದರೆ ಡಿಸ್ಕ್ ತುಂಬುತ್ತಾ? ಎಷ್ಟು ದಿನ ಇಡಲಿ?

ರಾಯಚೂರು ರೈಸ್‌ಮಿಲ್: ನನ್ನದು ಎಲ್‌ವಿಎಂ, ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚುವ ವ್ಯವಸ್ಥೆ. ಅದರಲ್ಲಿ ಸ್ನ್ಯಾಪ್‌ಶಾಟ್‌ಗೆ ಮೊದಲೇ ಜಾಗ ತೆಗೆದಿಡಬೇಕು, ವಾಲ್ಯೂಮ್‌ನಲ್ಲಿ ಬದಲಾವಣೆ ಆದಂತೆ ಅದು ತುಂಬುತ್ತದೆ. ಮೂರು ವರ್ಷ ಆಯ್ತು, ಇನ್ನೂ ಹೊಟ್ಟೆ ಉರಿಯುತ್ತದೆ. ಮಾರ್ಚ್ ಕೊನೆಗೆ ಟ್ಯಾಲಿ ಅಪ್‌ಡೇಟ್ ಮಾಡುವ ಮೊದಲು 500 ಜಿಬಿ ವಾಲ್ಯೂಮ್‌ಗೆ 20 ಜಿಬಿ ಸ್ನ್ಯಾಪ್‌ಶಾಟ್ ತೆಗೆದಿಟ್ಟೆ. ಅದೇ ರಾತ್ರಿ ಯಾರೋ ಸಿಸಿಟಿವಿ ರೆಕಾರ್ಡಿಂಗನ್ನು ಅಲ್ಲಿಗೇ ಕಾಪಿಗೆ ಹಾಕಿದ್ದಾರೆ. ಬೆಳಗ್ಗೆ ಎಲ್‌ವಿಎಸ್ ಕಮಾಂಡ್ ಹೊಡೆದರೆ ಡೇಟಾ ಕಾಲಂನಲ್ಲಿ 100.00. ತುಂಬಿದ ಸ್ನ್ಯಾಪ್‌ಶಾಟ್ ಸತ್ತಂತೆಯೇ. ಇತ್ತ ಅಪ್‌ಡೇಟೂ ಕೈಕೊಟ್ಟಿತ್ತು. 11 ದಿನದ ವೋಚರ್ ಮತ್ತೆ ಹೊಡೆಸಿದೆ. ಇಬ್ಬರು ಹುಡುಗರಿಗೆ ಓಟಿ 9,400 ರೂಪಾಯಿ, ರಾತ್ರಿ ಊಟ ಬೇರೆ. ಸ್ನ್ಯಾಪ್‌ಶಾಟ್ ತಾನಾಗಿ ದೊಡ್ಡದಾಗುವ ಸೆಟ್ಟಿಂಗ್ ಇದೆ, ಆದರೆ ಮೊದಲಿಂದ 100 ಅಂತಿರುತ್ತದೆ, ಅಂದ್ರೆ ಬಂದ್. ಈಗ 70 ಮಾಡಿದ್ದೇನೆ, 70% ತುಂಬಿದಾಗಲೇ ಬೆಳೆಯುತ್ತದೆ.

ಬಳ್ಳಾರಿ ಜೀನ್ಸ್ ಯೂನಿಟ್: ರಾಯಚೂರಿನವರೇ, 20 ಜಿಬಿ ಕೊಟ್ಟು ರಾತ್ರಿಯಿಡೀ ಬಿಟ್ಟದ್ದೇ ತಪ್ಪು. ಜೆಡ್‌ಎಫ್‌ಎಸ್‌ನಲ್ಲಿ ಮೊದಲೇ ಜಾಗ ತೆಗೆದಿಡುವ ಗೋಜಿಲ್ಲ. ಆದರೆ ನನಗೂ ಪೆಟ್ಟು ಬಿದ್ದಿದೆ. ಪೂಲ್ (ಡಿಸ್ಕ್‌ಗಳೆಲ್ಲ ಸೇರಿದ ಜಾಗ) 92% ತುಂಬಿ ಎಲ್ಲ ನಿಧಾನ ಆಯ್ತು. ಹಳೆ ಪ್ಯಾಟರ್ನ್ ಫೋಟೊ 3 ಟಿಬಿ ಅಳಿಸಿದೆ. ಒಂದು ಜಿಬಿಯೂ ಖಾಲಿ ಆಗಲಿಲ್ಲ! ಎಲ್ಲ ಸ್ನ್ಯಾಪ್‌ಶಾಟ್‌ಗಳು ಹಿಡಿದಿಟ್ಟುಕೊಂಡಿದ್ದವು. ಲಿಸ್ಟ್ ತೆಗೆದರೆ ಒಂದರ ಎದುರು 40 ಎಂಬಿ, ಇನ್ನೊಂದರ ಎದುರು 12 ಎಂಬಿ. ಆ ಯೂಸ್ಡ್ ಅಂಕಿ ಅದೊಂದೇ ಹಿಡಿದ ಜಾಗ ಮಾತ್ರ. ಹತ್ತು ಸೇರಿ ಹಿಡಿದದ್ದು ಯಾವುದರ ಎದುರೂ ಕಾಣಲ್ಲ. ಎರಡು ರಾತ್ರಿ ಮನೆಗೆ ಹೋಗಲಿಲ್ಲ. ಕೊನೆಗೆ ‘ಜೆಡ್‌ಎಫ್‌ಎಸ್ ಡೆಸ್ಟ್ರಾಯ್’ಗೆ ‘-ಎನ್‌ವಿ’ ಸೇರಿಸಿ ಹೊಡೆದೆ. ಏನನ್ನೂ ಅಳಿಸದೆ, ಎಷ್ಟು ಸಿಗುತ್ತೆ ಅಂತ ಮಾತ್ರ ಹೇಳುತ್ತದೆ.

ರಾಯಚೂರು ರೈಸ್‌ಮಿಲ್: ತಪ್ಪು ಅನ್ನೋದು ಸುಲಭ ಸರ್. ನನ್ನ ಓನರ್ ಕೊಟ್ಟದ್ದು 4 ಜಿಬಿ ರ‍್ಯಾಮ್‌ನ ಹಳೆ ಡಬ್ಬಾ. ಅದರಲ್ಲಿ ಜೆಡ್‌ಎಫ್‌ಎಸ್ ನಡೆಸಿ ತೋರಿಸಿ.

ತೋರಣಗಲ್ಲು: ಇಬ್ಬರೂ ಜಾಗದ ಲೆಕ್ಕ ಹಾಕುತ್ತಿದ್ದೀರಿ. ನನ್ನ ಹತ್ತಿರ 240 ಸ್ನ್ಯಾಪ್‌ಶಾಟ್ ಇದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ. ಮೇ ತಿಂಗಳ ಭಾನುವಾರ, ಕರೆಂಟ್ ಬಿಲ್ ಉಳಿಸಲು ಸರ್ವರ್ ರೂಮಿನ ಎಸಿ ಆಫ್ ಮಾಡಿದ್ದರು. ಸೋಮವಾರ ಬಾಗಿಲು ತೆಗೆದರೆ ಒಲೆಯ ಮುಂದೆ ನಿಂತ ಹಾಗೆ. ರೇಡ್ 5ರಲ್ಲಿ (ಒಂದು ಡಿಸ್ಕ್ ಹೋದರೆ ಮಾತ್ರ ತಡೆಯುವ ಜೋಡಣೆ) ಒಂದು ಡಿಸ್ಕ್ ಹೋಗಿತ್ತು. ಹೊಸದು ಹಾಕಿ ರೀಬಿಲ್ಡ್ ಅರ್ಧ ಆಗುವಾಗ ಎರಡನೆಯದೂ ಹೋಯ್ತು. ಸ್ನ್ಯಾಪ್‌ಶಾಟ್ ಇರೋದು ಅದೇ ಡಿಸ್ಕ್‌ಗಳ ಮೇಲೆ ಅಲ್ವಾ? ರಿಕವರಿಯವರು ತೆಗೆದುಕೊಂಡದ್ದು 1,60,000. ಸಿಕ್ಕಿದ್ದು ಮುಕ್ಕಾಲು ಪಾಲು. ಈಗ ದಿನಾ ರಾತ್ರಿ ಬೇರೆ ಬಿಲ್ಡಿಂಗಿನ ಬಾಕ್ಸಿಗೆ ಕಾಪಿ ಕಳಿಸುತ್ತೇನೆ.

ಬಳ್ಳಾರಿ ಜೀನ್ಸ್ ಯೂನಿಟ್: ಬಳ್ಳಾರಿ ಬಿಸಿಲಲ್ಲಿ ರೇಡ್ 5 ಇಟ್ಟು ಸ್ನ್ಯಾಪ್‌ಶಾಟ್ ಮೇಲೆ ತಪ್ಪು ಹೊರಿಸಬೇಡಿ. ಎರಡು ಡಿಸ್ಕ್ ಹೋದರೂ ತಡೆಯುವ ರೇಡ್ 6 ಹಾಕಬೇಕಿತ್ತು.

ತೋರಣಗಲ್ಲು: ರೇಡ್ 6ಕ್ಕೆ ಬೇಕಿದ್ದ ಐದನೇ ಡಿಸ್ಕಿನ ಕೊಟೇಶನ್ ನಾನೇ ಎರಡು ಸಲ ಕಳಿಸಿದ್ದೆ. ಸಹಿ ಆಗಲಿಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಕೊಪ್ಪಳ ಸಿಸ್ಟಂ: ಸರ್, ಎಷ್ಟು ದಿನ ಇಡಲಿ ಅಂತ ಕೇಳಿದ್ದೆ.

ರಾಯಚೂರು ರೈಸ್‌ಮಿಲ್: ಗಂಟೆಯದು ಎರಡು ದಿನ, ದಿನದ್ದು ಎರಡು ವಾರ ಇಡಿ ತಮ್ಮಾ. ಸಿಸಿಟಿವಿ ಮಾತ್ರ ಬೇರೆ ಡೇಟಾಸೆಟ್‌ಗೆ (ಪೂಲ್‌ನೊಳಗಿನ ಬೇರೆ ವಿಭಾಗ) ಹಾಕಿ, ಅದಕ್ಕೆ ಸ್ನ್ಯಾಪ್‌ಶಾಟ್ ಬೇಡ. ತೋರಣಗಲ್ಲಿನವರೇ, ಆ ಎಸಿ ಈಗ ಭಾನುವಾರ ಓಡುತ್ತಾ?

ತೋರಣಗಲ್ಲು: ಓಡುತ್ತೆ. ಸ್ವಿಚ್ಚಿಗೆ ಬೀಗ ಹಾಕಿಸಿದ್ದೇನೆ, ಕೀ ನನ್ನ ಹತ್ತಿರವೇ ಇದೆ.