ಮಳೆ ಹಿಡಿದ ಮೇಲೆ ವಾಷಿಂಗ್ ಮೆಷಿನ್ ಮುಟ್ಟಿದರೆ ಜುಮ್ಮೆನ್ನುತ್ತಿದೆ: ಹಳೆಯ ವೈರಿಂಗ್ ಬದಲಿಸಿದವರು ಅನುಭವ ತಿಳಿಸಿ

ಸಕಲೇಶಪುರದಿಂದ (ಪ್ರಶ್ನೆ):
ನಮ್ಮದು 1978ರಲ್ಲಿ ಕಟ್ಟಿಸಿದ ಹೆಂಚಿನ ಮನೆ. ಮರದ ಪಟ್ಟಿಯ ಮೇಲೆ ಎಳೆದ ಅಲ್ಯೂಮಿನಿಯಂ ವೈರಿಂಗ್ ಇಂದಿಗೂ ಹಾಗೆಯೇ ಇದೆ. ಈ ಜುಲೈನಲ್ಲಿ ಮಳೆ ಹಿಡಿದ ಮೇಲೆ ವಾಷಿಂಗ್ ಮೆಷಿನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಬಚ್ಚಲ ಪಕ್ಕದ ಗೋಡೆಗೆ ಟೆಸ್ಟರ್ ಇಟ್ಟರೂ ಮಂದವಾಗಿ ಬೆಳಗುತ್ತದೆ. ಮನೆಯಲ್ಲಿ ಎಪ್ಪತ್ತಾರು ವರ್ಷದ ತಾಯಿಯವರಿದ್ದಾರೆ. ಒಂದು ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್) ಹಾಕಿಸಿದರೆ ಸಾಕೆಂದು ಒಬ್ಬರು, ಇಡೀ ವೈರಿಂಗ್ ಬದಲಿಸಲೇಬೇಕೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಮಾಡಿಸಿದವರು ದಯವಿಟ್ಟು ತಿಳಿಸಿ.

ಮೂಡಿಗೆರೆಯಿಂದ:
ಇಡೀ ಮನೆಯ ವೈರಿಂಗ್ ಬದಲಿಸಿದವನು ನಾನು. 2021ರ ಫೆಬ್ರವರಿಯಲ್ಲಿ ಕೆಲಸ ಹಿಡಿಸಿದೆ. ವೈರಿಗೆ ₹52,000, ಕೂಲಿಗೆ ₹61,000, ಡಿಬಿ (ಮೇನ್‌ನಿಂದ ಬಂದ ಕರೆಂಟನ್ನು ಕೋಣೆಗಳಿಗೆ ಹಂಚುವ ಪೆಟ್ಟಿಗೆ) ಮತ್ತು ಸ್ವಿಚ್ ಬೋರ್ಡುಗಳಿಗೆ ₹34,000, ಒಡೆದ ಗೋಡೆಯ ಗಾರೆ ಹಾಗೂ ಬಣ್ಣಕ್ಕೆ ₹37,000, ಒಟ್ಟು ₹1,84,000 ಖರ್ಚಾಯಿತು. ನಮ್ಮದು ಮಣ್ಣಿನ ಗೋಡೆಯಾದ್ದರಿಂದ ಪೈಪ್ ಹೂಳಲು ಕಾಲುವೆಯಂತೆ ಕೆತ್ತಿದಲ್ಲೆಲ್ಲ ಹೆಂಟೆ ಹೆಂಟೆಯಾಗಿ ಕಳಚಿತು. ಅರ್ಧ ಕೆಲಸವಾದ ಮೇಲೆ ಗೋಡೆ ಕೆತ್ತುವುದನ್ನು ನಿಲ್ಲಿಸಿ, ಉಳಿದದ್ದನ್ನು ಮೇಲ್ಮೈಯಲ್ಲೇ ಕೇಸಿಂಗ್ ಪಟ್ಟಿಯೊಳಗೆ ಎಳೆಸಿದೆವು. ಹತ್ತೊಂಬತ್ತು ದಿನ ಮನೆಯಲ್ಲಿ ಕರೆಂಟಿರಲಿಲ್ಲ. ಮಕ್ಕಳನ್ನು ಅಜ್ಜಿಯ ಮನೆಗೆ ಕಳುಹಿಸಬೇಕಾಯಿತು.

ಆದರೆ ಅಟ್ಟದ ಮೇಲಿನ ಹಳೆಯ ಪಟ್ಟಿಯನ್ನು ಕಿತ್ತ ದಿನ ಕಂಡದ್ದನ್ನು ನಾನು ಮರೆಯಲಾರೆ. ವೈರಿನ ಮೇಲಿನ ಹೊದಿಕೆ ಬೆರಳು ತಾಗಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಇಲಿ ಕಡಿದ ಒಂದು ಕಡೆ ಗೇಣುದ್ದದ ಬರಿಯ ತಂತಿ ಪಕ್ಕಾಸಿನ ಮೊಳೆಗೆ ಒರಗಿಕೊಂಡಿತ್ತು. ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿಯನ್ನು ಕೈಯಲ್ಲಿ ಹೊಸೆದು ಸೇರಿಸಿದ್ದ ಜಾಗಗಳೆಲ್ಲ ಬಿಸಿಯಾಗಿ ಕಪ್ಪಿಟ್ಟಿದ್ದವು. ಬಚ್ಚಲ ದೀಪದ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ತಂತಿಯ ಬದಲಿಗೆ ಅದು ಹಿಂದಿರುಗುವ ನ್ಯೂಟ್ರಲ್‌ನಲ್ಲಿ ಕೂರಿಸಿದ್ದರು. ಸ್ವಿಚ್ ಆರಿಸಿದ್ದರೂ ಹೋಲ್ಡರಿನಲ್ಲಿ 230 ವೋಲ್ಟ್ ಇರುತ್ತಿತ್ತು. ಮೂವತ್ತು ವರ್ಷ ನಾವು ಅದೇ ಹೋಲ್ಡರಿಗೆ ಬಲ್ಬು ಬದಲಿಸಿದ್ದೇವೆ. ಆರ್‌ಸಿಸಿಬಿಯೊಂದನ್ನೇ ಹಾಕಿ ಸುಮ್ಮನಾಗುವುದು ಹುಣ್ಣಿನ ಮೇಲೆ ಬಟ್ಟೆ ಮುಚ್ಚಿದಂತೆ.

ಹಾಸನದಿಂದ:
ಎರಡು ಲಕ್ಷದ ಹತ್ತಿರ ಸುರಿದವರು ಅದನ್ನು ಸಮರ್ಥಿಸಿಕೊಳ್ಳುವುದು ಸಹಜವೇ. ಕೈಯಲ್ಲಿ ಅಷ್ಟು ಹಣವಿಲ್ಲದವರು ಏನು ಮಾಡಬೇಕು? 16 ಆಂಪಿಯರ್‌ನ ಎಂಸಿಬಿ (ಕರೆಂಟು ಮಿತಿಮೀರಿದರೆ ಬೀಳುವ ಸ್ವಿಚ್) ಮನುಷ್ಯನನ್ನು ಕಾಯುವುದಿಲ್ಲ. ಒದ್ದೆ ಮೈಯ ಮೂಲಕ ಕಾಲು ಆಂಪಿಯರಿಗಿಂತ ಕಡಿಮೆ ಹರಿದರೂ ಹೃದಯ ಲಯ ತಪ್ಪುತ್ತದೆ, ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಹಿಂದಿರುಗುವಾಗ 30 ಮಿಲಿ ಆಂಪಿಯರ್ ಕಡಿಮೆಯಾದರೆ ಆರ್‌ಸಿಸಿಬಿ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಬಿಡಿಸುತ್ತದೆ. ಅದಕ್ಕೆ ನಾನು ಕೊಟ್ಟದ್ದು ₹2,150. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹೊಸ ಅರ್ಥಿಂಗ್ ಗುಂಡಿಗೆ ₹5,400.

ಹಾಕಿಸಿದ ಎರಡೇ ವಾರದಲ್ಲಿ ಅದು ಹದಿಮೂರು ಸಲ ಬಿದ್ದಿತು. ಫ್ರಿಜ್ ಆರಿಸಿದೆವು, ಗೀಸರ್ ಬಿಚ್ಚಿಸಿದೆವು. ಮೂವರು ಎಲೆಕ್ಟ್ರಿಷಿಯನ್ನರು ಬಂದು ತಲಾ ₹600 ಪಡೆದು ಕಾರಣ ತಿಳಿಯದೆ ಹೋದರು. ಅವರಲ್ಲೊಬ್ಬರು ಅದನ್ನು ತೆಗೆದೇ ಬಿಡಿ ಎಂದರು. ಕೊನೆಗೆ ನಾಲ್ಕನೆಯವರು ಇನ್ವರ್ಟರಿನ ನ್ಯೂಟ್ರಲ್ ಮೇನ್ ನ್ಯೂಟ್ರಲ್ಲಿನೊಂದಿಗೆ ಬೆರೆತಿರುವುದನ್ನು ಕಂಡುಹಿಡಿದು ಬೇರ್ಪಡಿಸಿದರು. ಅಂದಿನಿಂದ ಸುಖಾಸುಮ್ಮನೆ ಬಿದ್ದಿಲ್ಲ.

ಮೂಡಿಗೆರೆಯಿಂದ:
ನಾನು ಸುರಿದದ್ದು ನನ್ನ ದುಡಿಮೆಯ ಹಣ. ಮಕ್ಕಳ ಜೀವಕ್ಕಾಗಿ ಮಾಡಿದ ಖರ್ಚಿಗೆ ಸಮರ್ಥನೆ ಬೇಕಿಲ್ಲ. ಒಂದು ಕೈ ಫೇಸ್‌ಗೂ ಇನ್ನೊಂದು ಕೈ ನ್ಯೂಟ್ರಲ್‌ಗೂ ತಾಗಿದರೆ ತಮ್ಮ ಆರ್‌ಸಿಸಿಬಿಗೆ ಅದು ಬಲ್ಬು ಉರಿದಂತೆಯೇ ಕಾಣುತ್ತದೆ, ಬೀಳುವುದಿಲ್ಲ. ಸಡಿಲವಾದ ಜಾಯಿಂಟ್ ಕಾದು ಅಟ್ಟಕ್ಕೆ ಬೆಂಕಿ ಹತ್ತಿದರೂ ಅದು ತಡೆಯುವುದಿಲ್ಲ. ಇದನ್ನು ಹೇಳದೆ ₹2,150ರ ಲೆಕ್ಕವನ್ನಷ್ಟೇ ಹೇಳುವುದು ಸರಿಯಲ್ಲ.

ಕಡೂರಿನಿಂದ:
ಅರ್ಥಿಂಗ್ ಬಗ್ಗೆ ಒಬ್ಬರು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಇನ್ನೊಬ್ಬರು ಹೇಳಿಯೇ ಇಲ್ಲ. ನಮ್ಮ ಮನೆಗೆ 2013ರಲ್ಲಿ ಎರಡೂವರೆ ಮೀಟರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹೂಳಿ, ಪದರ ಪದರವಾಗಿ ಇದ್ದಿಲು, ಉಪ್ಪು ತುಂಬಿಸಿದ್ದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ತಪ್ಪದೆ ಹೊಯ್ಯುತ್ತಿದ್ದೆ. ಬಯಲುಸೀಮೆಯ ಒಣ ನೆಲಕ್ಕೆ ಅದಿಲ್ಲದೆ ನಡೆಯದು. 2022ರಲ್ಲಿ ಫ್ರಿಜ್ಜಿನ ಬಾಗಿಲು ಚುರುಕ್ಕೆಂದಾಗ ಫೇಸ್‌ಗೂ ಅರ್ಥ್‌ಗೂ ನಡುವೆ, ಅರ್ಥ್ ಸರಿಯಿದ್ದರೆ ಚೆನ್ನಾಗಿ ಉರಿಯಬೇಕಾದ ನೂರು ವ್ಯಾಟಿನ ಬಲ್ಬು ಹಚ್ಚಿಸಿ ನೋಡಿದರೆ ಒಳಗಿನ ಎಳೆ ಕೆಂಪಗೆ ಕಂಡಿತೇ ಹೊರತು ಬೆಳಕು ಬರಲಿಲ್ಲ. ಗುಂಡಿ ಅಗೆದಾಗ ನೆಲದಿಂದ ಒಂದಡಿ ಕೆಳಗೆ ಉಪ್ಪು ಪೈಪನ್ನು ತಿಂದುಹಾಕಿತ್ತು. ಅರ್ಥ್ ತಂತಿಯನ್ನು ಪೈಪಿಗೆ ಬಿಗಿದಿದ್ದ ಕ್ಲ್ಯಾಂಪ್ ನನ್ನ ಕೈಯಲ್ಲೇ ಕಳಚಿ ಬಂತು. ಎಷ್ಟು ಕಾಲದಿಂದ ಅರ್ಥಿಲ್ಲದೆ ಬದುಕಿದ್ದೆವೋ!

ಹಾಸನದಿಂದ:
ಉಪ್ಪು ತುಂಬಿಸಿದ್ದೇ ತಪ್ಪು. ಈಗ ಉಪ್ಪಿನ ಬದಲು ರಾಸಾಯನಿಕ ಪುಡಿ ತುಂಬುವ ಕೆಮಿಕಲ್ ಅರ್ಥಿಂಗ್ ಇರುವಾಗ ಆ ಹಳೆಯ ಪದ್ಧತಿಯೇಕೆ?

ಕಡೂರಿನಿಂದ:
2013ರಲ್ಲಿ ನಮ್ಮ ಊರಿನಲ್ಲಿ ಅದನ್ನು ಮಾಡುವವರು ಯಾರೂ ಇರಲಿಲ್ಲ. ತಪ್ಪು ಎನ್ನುವ ಮೊದಲು, ತಮ್ಮ ಗುಂಡಿಯ ಕ್ಲ್ಯಾಂಪನ್ನು ತಾವು ಕೊನೆಯ ಸಲ ಯಾವಾಗ ತೆರೆದು ನೋಡಿದಿರಿ ಎಂಬುದನ್ನು ತಿಳಿಸಿ.

ಬೇಲೂರಿನಿಂದ:
ನಾನು ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಪಡೆದ ವೈರ್‌ಮನ್, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮೂವರು ಹಣ ಪಡೆದು ಹೋದರೆಂದು ಹಾಸನದವರು ಬರೆದದ್ದು ಓದಿ ನೋವಾಯಿತು. ಸೋರಿಕೆ ಹುಡುಕುವುದೆಂದರೆ ಒಂದೊಂದೇ ಸರ್ಕ್ಯೂಟ್ ಬಿಡಿಸಿ ಮೆಗ್ಗರ್ (ವೈರಿನ ಹೊದಿಕೆಯ ಸೋರಿಕೆ ಅಳೆಯುವ ಉಪಕರಣ) ಹಚ್ಚಿ ನೋಡುವ ಅರ್ಧ ದಿನದ ಕೆಲಸ. ₹600 ಕೊಟ್ಟು ಕಾಲು ಗಂಟೆಯಲ್ಲಿ ಮುಗಿಸಿ ಎಂದರೆ ಆಗುವುದಿಲ್ಲ. ಪದೇ ಪದೇ ಬೀಳುತ್ತದೆ, ಆರ್‌ಸಿಸಿಬಿ ದಾಟಿಸಿ ಡೈರೆಕ್ಟ್ ಮಾಡಿಕೊಡಿ ಎಂದು ಕೇಳುವವರೇ ಹೆಚ್ಚು. ನಾನು ಒಪ್ಪದ ಒಂದು ಮನೆಯಲ್ಲಿ ಬೇರೆಯವರಿಂದ ಆರ್‌ಸಿಸಿಬಿಯ ಮೇಲಿನ ಮತ್ತು ಕೆಳಗಿನ ಟರ್ಮಿನಲ್‌ಗಳಿಗೆ ತುಂಡು ವೈರ್ ಕಟ್ಟಿಸಿಕೊಂಡಿದ್ದರು.

ಕೇಳಿದವರಿಗೆ ಒಂದು ಮಾತು. ಅರ್ಥ್ ತಂತಿಯೇ ಇಲ್ಲದ ಹಳೆಯ ಮನೆಗಳಲ್ಲಿ ತ್ರೀ ಪಿನ್ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ನ್ಯೂಟ್ರಲ್ಲಿನಿಂದಲೇ ತುಂಡು ವೈರಿನ ಲೂಪ್ ಕೊಟ್ಟಿರುತ್ತಾರೆ. ಹಿಂದೆಲ್ಲೋ ನ್ಯೂಟ್ರಲ್ ಸಡಿಲವಾದರೆ ಇಡೀ 230 ವೋಲ್ಟ್ ಮೆಷಿನ್ನಿನ ತಗಡಿಗೆ ಬರುತ್ತದೆ. ಆರ್‌ಸಿಸಿಬಿ ಹಾಕಿದ್ದರೂ ತಗಡಿಗೆ ಸೋರಿದ ಕರೆಂಟು ಆ ಲೂಪಿನಿಂದ ನ್ಯೂಟ್ರಲ್‌ಗೇ ಹಿಂದಿರುಗುವುದರಿಂದ ಅದಕ್ಕೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ.

ಕೊಪ್ಪದಿಂದ:
ಖರ್ಚಿನ ಜಗಳ ಓದುತ್ತಾ ಓದುತ್ತಾ ಕೈ ನಡುಗಿತು. 2014ರ ಆಗಸ್ಟಿನಲ್ಲಿ ನಮ್ಮ ಚಿಕ್ಕಮ್ಮ ಹೋದದ್ದು ಬಟ್ಟೆ ಒಣಹಾಕುವ ತಂತಿಯಿಂದ. ಆ ತಂತಿಯ ಒಂದು ತುದಿಯನ್ನು ಸೂರಿನ ಕಬ್ಬಿಣದ ಕೊಕ್ಕೆಗೆ ಕಟ್ಟಿತ್ತು. ಕೊಟ್ಟಿಗೆಯ ಬಲ್ಬಿಗೆ ಎಳೆದ ವೈರು ಅದೇ ಕೊಕ್ಕೆಯ ಮೇಲೆ ಹಾದು, ಗಾಳಿಗೆ ಉಜ್ಜಿ ಉಜ್ಜಿ ಸವೆದಿತ್ತು. ಅಂಗಳದ ಕೆಸರಿನಲ್ಲಿ ಬರಿಗಾಲು, ಕೈಯಲ್ಲಿ ಒದ್ದೆ ಸೀರೆ. ಬಿಡಿಸಲು ಓಡಿದ ಚಿಕ್ಕಪ್ಪನೂ ಎಸೆದಂತೆ ಬಿದ್ದರು. ಯಾರೋ ಒಣ ಕಟ್ಟಿಗೆಯಿಂದ ತಂತಿಯನ್ನು ಹೊಡೆದು ಬಿಡಿಸುವಷ್ಟರಲ್ಲಿ ಮುಗಿದಿತ್ತು. ಫ್ಯೂಸ್ ಹೋಗಿರಲಿಲ್ಲ, ಕೊಟ್ಟಿಗೆಯ ಬಲ್ಬು ಉರಿಯುತ್ತಲೇ ಇತ್ತು. ಆ ಬಲ್ಬಿಗೆ ವೈರು ಎಳೆದವನು ನಾನು, ಪದವಿ ಓದುತ್ತಿದ್ದಾಗ, ರಜೆಯಲ್ಲಿ.

ಮೂಡಿಗೆರೆಯಿಂದ:
ಕ್ಷಮಿಸಿ. ನಮ್ಮ ಬಟ್ಟೆ ತಂತಿಯ ಕೊಕ್ಕೆಯನ್ನು ಈಗಲೇ ನೋಡಿ ಬಂದೆ.

ಸಕಲೇಶಪುರದಿಂದ:
ಬೇಲೂರಿನವರು ಹೇಳಿದ್ದನ್ನು ಓದಿ, ಮೇನ್ ಆರಿಸಿ ಬಚ್ಚಲ ಪಕ್ಕದ ಸಾಕೆಟ್ ಬಿಚ್ಚಿಸಿ ನೋಡಿದೆ. ಅರ್ಥ್ ತಂತಿ ಇಲ್ಲ. ಕಪ್ಪು (ನ್ಯೂಟ್ರಲ್) ವೈರಿನಿಂದ ಮೇಲಿನ ತೂತಿಗೆ ಬೆರಳುದ್ದದ ತುಂಡೊಂದನ್ನು ಕಟ್ಟಿದ್ದಾರೆ. ವೈರ್‌ಮನ್ ಸೋಮವಾರ ಬರುವುದಾಗಿ ಹೇಳಿದ್ದಾರೆ. ಅಲ್ಲಿಯವರೆಗೆ ಮೆಷಿನ್ ಬಳಸಬಹುದೇ? ಅಮ್ಮನ ಬಟ್ಟೆಗಳು ಉಳಿದಿವೆ.

ಕೊಪ್ಪದಿಂದ:
ಬೇಡ. ಪ್ಲಗ್ ಕಿತ್ತು ಮೆಷಿನ್ ಮೇಲಿಡಿ. ಸ್ವಿಚ್ ಆರಿಸಿದರೆ ಸಾಲದು. ಗೋಡೆಯಲ್ಲೂ ಟೆಸ್ಟರ್ ಬೆಳಗುತ್ತಿದೆ ಎಂದಿದ್ದೀರಿ, ಆದ್ದರಿಂದ ಆ ಕಡೆಯ ಫ್ಯೂಸನ್ನೂ ತೆಗೆದು, ಅಮ್ಮ ಬಚ್ಚಲಿಗೆ ಹೋಗುವಾಗ ಚಾರ್ಜಿನ ಲೈಟು ಕೊಡಿ. ಬಟ್ಟೆಯನ್ನು ಕೈಯಲ್ಲಿ ಒಗೆದು ನೈಲಾನ್ ಹಗ್ಗದ ಮೇಲೆ ಹರವಿ.