ಆನ್‌ಲೈನ್ ಶಾಲೆಗೆ ನಿಜವಾಗಿ ಮಾನ್ಯತೆ ಇದೆಯಾ ಅಂತ ತಿಳಿಯುವುದು ಹೇಗೆ?

ಪ್ರಶ್ನೆ:
ಮಗಳನ್ನು ಒಂಬತ್ತನೇ ತರಗತಿಗೆ ಅಮೆರಿಕದ ಒಂದು ಆನ್‌ಲೈನ್ ಶಾಲೆಗೆ ಸೇರಿಸಬೇಕು ಅಂತಿದ್ದೇವೆ. ಅವರ ವೆಬ್‌ಸೈಟ್‌ನ ಕೆಳಗಡೆ ಬಂಗಾರದ ಬಣ್ಣದ ಮುದ್ರೆ ಇದೆ. ಪಕ್ಕದಲ್ಲಿ ‘ಅಮೆರಿಕದ ಶಿಕ್ಷಣ ಇಲಾಖೆಯಿಂದ ಮಾನ್ಯತೆ’ ಅಂತ ಬರೆದಿದೆ. ಮುದ್ರೆ ಒತ್ತಿದರೆ ಏನೂ ತೆರೆಯುವುದಿಲ್ಲ. ವಿವರ ಕೇಳಿದರೆ, ಇವತ್ತೇ ಸೇರಿದರೆ ಫೀಸು ಕಡಿಮೆ ಅಂತಾರೆ. ನಂಬಬಹುದಾ?

ಉತ್ತರ 1:
ದಯವಿಟ್ಟು ಈಗಲೇ ಹಣ ಕಟ್ಟಬೇಡಿ. ಆ ಸಾಲೇ ಸುಳ್ಳು. ಅಮೆರಿಕದ ಶಿಕ್ಷಣ ಇಲಾಖೆ ಯಾವ ಶಾಲೆಗೂ ಮಾನ್ಯತೆ ಕೊಡುವುದಿಲ್ಲ. ಆ ಕೆಲಸ ಮಾಡುವುದು ಕಾಗ್ನಿಯಾದಂಥ ಸರ್ಕಾರೇತರ ಸಂಸ್ಥೆಗಳು. ಶಾಲೆಯವರು ಕಳಿಸುವ ಲಿಂಕ್ ಒತ್ತಬೇಡಿ. ನೀವೇ ಕಾಗ್ನಿಯಾ ವೆಬ್‌ಸೈಟ್‌ಗೆ ಹೋಗಿ, ಅಲ್ಲಿ ಶಾಲೆಯ ಹೆಸರು ಹುಡುಕಿ. ಹೆಸರು ಸಿಕ್ಕರೂ ಸಾಲದು, ವಿಳಾಸ ತಾಳೆ ನೋಡಿ. ಒಳ್ಳೆ ಶಾಲೆಯ ಹೆಸರನ್ನೇ ಸ್ವಲ್ಪ ತಿರುಚಿ ಇಟ್ಟುಕೊಳ್ಳುವವರು ಇದ್ದಾರೆ. ನಾನು ಕಾಲೇಜೊಂದರ ಪ್ರವೇಶ ವಿಭಾಗದಲ್ಲಿದ್ದೇನೆ. ಬೆಲೆಯಿಲ್ಲದ ಅಂಕಪಟ್ಟಿ ಹಿಡಿದು ಬರುವ ಮಕ್ಕಳಿಗೆ ‘ಆಗಲ್ಲ’ ಅನ್ನುವಾಗ ಹೊಟ್ಟೆ ಉರಿಯುತ್ತದೆ. ಅವರದೇನು ತಪ್ಪು, ಅಲ್ವಾ?

ಉತ್ತರ 2:
ಮಾನ್ಯತೆ ಕೊಟ್ಟ ಸಂಸ್ಥೆಯೇ ನಕಲಿ ಇರಬಹುದು, ಅದನ್ನೂ ನೋಡಿ. ಸುಮ್ನೆ ಒಂದು ವೆಬ್‌ಸೈಟ್ ಮಾಡಿ, ತಮಗೆ ತಾವೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತಾರೆ. ಮಗಳು ಮುಂದೆ ಸೇರಬೇಕೆಂದಿರುವ ಕಾಲೇಜಿಗೂ ಮೇಲ್ ಮಾಡಿ, ಈ ಶಾಲೆಯ ಅಂಕಪಟ್ಟಿ ಒಪ್ಪುತ್ತೀರಾ ಅಂತ ಕೇಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಬರಹದಲ್ಲೇ ಇರಲಿ.

ಪ್ರಶ್ನೆ ಕೇಳಿದವರು:
ಈಗಷ್ಟೇ ಹುಡುಕಿದೆ. ಅದೇ ಹೆಸರಿನ ಶಾಲೆ ಪಟ್ಟಿಯಲ್ಲಿದೆ. ಆದರೆ ಅದು ಬೇರೆ ರಾಜ್ಯದ್ದು, ವೆಬ್‌ಸೈಟೂ ಬೇರೆ. ಫೀಸು ಕಟ್ಟುತ್ತಿಲ್ಲ. ತುಂಬಾ ಥ್ಯಾಂಕ್ಸ್.